ಫೋನಿನಲ್ಲೇ ಅಂಗಡಿ, ಫೋನಿನಲ್ಲೇ ಪಾಠ: ಸೋಶಿಯಲ್ ಮೀಡಿಯಾ ಸರಿಯಾಗಿ ಬಳಸಲು ಸಮಗ್ರ ಮಾರ್ಗದರ್ಶಿ

ಮಳೆ ಹಿಡಿದರೆ ನಮ್ಮ ಮನೆಯ ಫೋನಿಗೆ ಪುರುಸೊತ್ತಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ದೊಡ್ಡಮ್ಮ ಒಣಗಿಸಿಟ್ಟ ಹಲಸಿನ ಹಪ್ಪಳ ಕೇಳಿಕೊಂಡು ಉಡುಪಿ, ಮಂಗಳೂರು, ಮುಂಬೈಯಿಂದ ಮೆಸೇಜ್ ಬರುತ್ತಲೇ ಇರುತ್ತದೆ. ಉತ್ತರ ಕೊಡುವ ಕೆಲಸ ನನ್ನದು. ಆ ವ್ಯಾಪಾರದ ಲೆಕ್ಕ ಬರೆಯುವುದನ್ನೂ ನಾನು ಇದೇ ಫೋನಿನಲ್ಲಿ, ಯೂಟ್ಯೂಬ್ ನೋಡಿ ಕಲಿತೆ.

ಶುರುವಿನಲ್ಲಿ ತಪ್ಪು ದಾರಿ ಹಿಡಿದಿದ್ದೆ. ಒಂದೇ ದಿನ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೂರರಲ್ಲೂ ಅಕೌಂಟ್ ತೆರೆದೆ. ಹಬ್ಬಕ್ಕೆ ಶುಭಾಶಯ, ಬೆಳಿಗ್ಗೆ ಸುಭಾಷಿತ, ನಡುನಡುವೆ ಹಪ್ಪಳದ ಫೋಟೊ. ಲೈಕ್ ಬಂತು, ವ್ಯಾಪಾರ ಬರಲಿಲ್ಲ. ಲೈಕ್ ಒತ್ತಿದವರು ನೆಂಟರು, ಪರಿಚಯದವರು. ಕೊಳ್ಳುವವರು ಬೇರೆ ಜನ. ಮುಂಬೈಯಿಂದ ಒಬ್ಬರು, "ಅಕ್ಕ, ಪೋಸ್ಟಲ್ಲಿ ಕಳಿಸಿದ್ರೆ ಹುಡಿ ಆಗ್ತದಾ?" ಎಂದು ಕೇಳಿದ್ದರು. ಆ ಮೆಸೇಜನ್ನು ನಾನು ನೋಡಿದ್ದು ಎಂಟು ದಿನದ ನಂತರ. ಅಷ್ಟರಲ್ಲಿ ಅವರು ಬೇರೆ ಕಡೆಯಿಂದ ತರಿಸಿಕೊಂಡಿದ್ದರು. ಆ ದಿನವೇ ಕ್ರಮ ಬದಲಾಯಿಸಿದೆ. ಕೇಳಿದವರಿಗೆ ಉತ್ತರ ಮೊದಲು, ಪೋಸ್ಟ್ ಆಮೇಲೆ. ಮುಂದೆ ಬರೆದಿರುವ ಹಂತಗಳೆಲ್ಲ ಅಲ್ಲಿಂದ ಹುಟ್ಟಿದವು.

ಹಂತ 1: ಆಚೆ ಬದಿಯಲ್ಲಿ ಯಾರಿದ್ದಾರೆ ಎಂದು ಬರೆಯಿರಿ

ಫೋನ್ ಬದಿಗಿಡಿ, ಒಂದು ಕಾಗದ ತೆಗೆದುಕೊಳ್ಳಿ. ಕಳೆದ ಒಂದು ತಿಂಗಳಲ್ಲಿ ನಿಮ್ಮಿಂದ ಕೊಂಡ ಹತ್ತು ಜನರ ಹೆಸರು ಬರೆಯಿರಿ. ಪ್ರತಿ ಹೆಸರಿನ ಎದುರು ಮೂರು ವಿಷಯ ಸೇರಿಸಿ: ಅವರು ಎಲ್ಲಿದ್ದಾರೆ, ನಿಮ್ಮ ಬಗ್ಗೆ ಅವರಿಗೆ ಹೇಗೆ ಗೊತ್ತಾಯಿತು, ಕೊಳ್ಳುವ ಮೊದಲು ಏನು ಕೇಳಿದರು. ಇನ್ನೂ ವ್ಯಾಪಾರ ಶುರು ಮಾಡದಿದ್ದರೆ, ಕೊಳ್ಳಬಹುದು ಎಂದು ನಿಮಗೆ ಅನಿಸುವ ಹತ್ತು ಜನರನ್ನು ನೇರವಾಗಿ ಕೇಳಿ ಬರೆಯಿರಿ.

ನಾವು ಬರೆದಾಗ ಹತ್ತರಲ್ಲಿ ಏಳು ಜನ ವಾಟ್ಸಾಪ್‌ನಲ್ಲೇ ಕೇಳಿದವರು. ಇಬ್ಬರು ಅಂಗಡಿಯವರು, ಅವರದ್ದು ಬರೀ ಫೋನ್ ಕರೆ. ಇನ್‌ಸ್ಟಾಗ್ರಾಂನಿಂದ ಬಂದವರು ಒಬ್ಬರೇ. ಯೂಟ್ಯೂಬ್‌ನಿಂದ ಯಾರೂ ಇಲ್ಲ. ಚಾನೆಲ್ ಅಂದೇ ನಿಲ್ಲಿಸಿದೆವು. ವಾರಕ್ಕೆ ಐದಾರು ಗಂಟೆ ಉಳಿಯಿತು.

ಇನ್ನೊಂದು ವಿಷಯವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ನಿಮ್ಮ ಸರಕು ಎಷ್ಟು ದಿನ ಬಾಳುತ್ತದೆ ಎಂದು ನೋಡಿ ಜಾಗ ಆರಿಸಬೇಕು. ಶಂಕರಪುರ ಮಲ್ಲಿಗೆಯ ಅಟ್ಟೆಗೆ (ಕಟ್ಟಿದ ಹೂವಿನ ಅಳತೆ) ದಿನಕ್ಕೊಂದು ದರ. ಮಲ್ಪೆಯ ಮೀನಿಗೂ ಹಾಗೆಯೇ, ಬೆಳಿಗ್ಗೆ ಇದ್ದ ದರ ಮಧ್ಯಾಹ್ನಕ್ಕೆ ಇರುವುದಿಲ್ಲ. ಇಂಥದ್ದಕ್ಕೆ ವಾಟ್ಸಾಪ್ ಸ್ಟೇಟಸ್ ಹೇಳಿ ಮಾಡಿಸಿದ ಹಾಗಿದೆ. 24 ಗಂಟೆಯಲ್ಲಿ ತಾನಾಗಿಯೇ ಮಾಯವಾಗುತ್ತದೆ. ನಿನ್ನೆಯ ದರ ಹಿಡಿದುಕೊಂಡು ಇವತ್ತು ಯಾರೂ ಚರ್ಚೆಗೆ ಬರುವುದಿಲ್ಲ. ಅವತ್ತೇ ಮಾಡಿದ ಪತ್ರೊಡೆ, ಅಷ್ಟಮಿಗೆ ಮೂಡೆ, ಕೊಟ್ಟೆ ಕಟ್ಟಿಕೊಡುವವರಿಗೂ ಸ್ಟೇಟಸ್ ಸಾಕು.

ಹಪ್ಪಳ, ಉಪ್ಪಿನಕಾಯಿ, ಒಣಮೀನು, ಸಾರಿನ ಹುಡಿ ತಿಂಗಳುಗಟ್ಟಲೆ ಇರುತ್ತವೆ. ಇವಕ್ಕೆ ವ್ಯಾಪಾರದವರಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಆಪ್‌ನ ಕ್ಯಾಟಲಾಗ್ (ಸರಕಿನ ಪಟ್ಟಿ) ಸರಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಹಸಿಮೀನಿನ ಸ್ಟೇಟಸ್ ಹಾಕುವವರು ಆ ಎರಡು ತಿಂಗಳು ಒಣಮೀನಿನ ಕ್ಯಾಟಲಾಗ್ ಇಟ್ಟುಕೊಂಡರೆ ಗಿರಾಕಿಯ ಸಂಪರ್ಕ ತಪ್ಪುವುದಿಲ್ಲ.

ಕೈಮಗ್ಗದ ಸೀರೆ, ಮದುವೆಯ ಮೆಹೆಂದಿ, ಕೇಕ್ ಮುಂತಾದವನ್ನು ಕಣ್ಣಿಂದ ನೋಡಿಯೇ ಕೊಳ್ಳುತ್ತಾರೆ. ಇನ್‌ಸ್ಟಾಗ್ರಾಂ ಬೇಕು. ಪಂಪ್ ರಿಪೇರಿ, ವಯರಿಂಗ್, ಎಸಿ ಸರ್ವೀಸ್ ಮಾಡುವವರಿಗೆ ಇವೆಲ್ಲಕ್ಕಿಂತ ಗೂಗಲ್ ಮ್ಯಾಪ್‌ನಲ್ಲಿ ಹೆಸರು ಬರುವುದು ಮುಖ್ಯ. ಪಂಪ್ ಕೈಕೊಟ್ಟವರು ರೀಲ್ಸ್ ನೋಡುತ್ತಾ ಕೂರುವುದಿಲ್ಲ, "ಹತ್ತಿರದ ಪಂಪ್ ರಿಪೇರಿ" ಎಂದು ಹುಡುಕುತ್ತಾರೆ. ಮ್ಯಾಪ್‌ನಲ್ಲಿ ಹೆಸರು ಬರಲು ಬೇಕಾದ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಲು ಹಣ ಕೊಡಬೇಕಾಗಿಲ್ಲ. ಮಾಡಿಕೊಡುತ್ತೇವೆ ಎಂದು ಫೋನ್ ಮಾಡಿ ದುಡ್ಡು ಕೇಳಿದರೆ ಬೇಡ ಎನ್ನಿ.

ಮೊದಲ ಮೂರು ತಿಂಗಳು ಒಂದೇ ಜಾಗ ಸಾಕು. ಅದು ಕೈಗೆ ಹತ್ತಿದ ಮೇಲೆ ಎರಡನೆಯದು.

ಹಂತ 2: ಮನೆಯ ನಂಬರ್ ಬೇರೆ, ವ್ಯಾಪಾರದ ನಂಬರ್ ಬೇರೆ

ವಾಟ್ಸಾಪ್ ಮತ್ತು ವಾಟ್ಸಾಪ್ ಬಿಸಿನೆಸ್ ಎರಡನ್ನೂ ಒಂದೇ ಫೋನಿನಲ್ಲಿ ಇಟ್ಟುಕೊಳ್ಳಬಹುದು. ಆದರೆ ಎರಡಕ್ಕೂ ಬೇರೆ ಬೇರೆ ನಂಬರ್ ಬೇಕು. ಹೊಸ ಸಿಮ್ ತೆಗೆದುಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಿ: ಅಂಗಡಿಯ ಹಳೆಯ ಲ್ಯಾಂಡ್‌ಲೈನ್ ನಂಬರಿಗೂ ವಾಟ್ಸಾಪ್ ಬಿಸಿನೆಸ್ ಹಾಕಬಹುದು. ವೆರಿಫೈ ಮಾಡುವಾಗ ಎಸ್‌ಎಂಎಸ್ ಬದಲು ಕರೆ ಆರಿಸಿ. ಲ್ಯಾಂಡ್‌ಲೈನ್ ರಿಂಗ್ ಆಗುತ್ತದೆ, ಕೋಡ್ ಓದಿ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಗಿರಾಕಿಗಳ ಡೈರಿಯಲ್ಲಿರುವ ನಂಬರಿಗೆ ಬೆಲೆ ಇದೆ, ಅದನ್ನು ಬಿಡಬೇಡಿ.

ಮುಖ್ಯ ಫೋನಿನ ಜೊತೆ ಇನ್ನೂ ನಾಲ್ಕು ಫೋನ್ ಅಥವಾ ಕಂಪ್ಯೂಟರ್ ಜೋಡಿಸಬಹುದು. ನಾನು ಪೇಟೆಗೆ ಹೋದಾಗ ಅತ್ತಿಗೆ ಮನೆಯಿಂದಲೇ ಉತ್ತರ ಕೊಡುತ್ತಾರೆ.

ಫೇಸ್‌ಬುಕ್‌ನಲ್ಲಿ ವ್ಯಾಪಾರಕ್ಕೆ ಪ್ರೊಫೈಲ್ ಬೇಡ, ಪೇಜ್ ಮಾಡಿ. ಪ್ರೊಫೈಲ್‌ನಲ್ಲಿ 5000 ಸ್ನೇಹಿತರಿಗಿಂತ ಜಾಸ್ತಿ ಸೇರಿಸಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮನೆಯ ಮಕ್ಕಳ ಫೋಟೊ ಮತ್ತು ಉಪ್ಪಿನಕಾಯಿಯ ದರ ಒಂದೇ ಕಡೆ ಇರುವುದು ಒಳ್ಳೆಯದಲ್ಲ. ಇನ್‌ಸ್ಟಾಗ್ರಾಂನಲ್ಲಿ ಪ್ರೊಫೆಶನಲ್ ಅಕೌಂಟಿಗೆ ಬದಲಾಯಿಸಿದರೆ ಯಾವ ಊರಿನವರು ನೋಡಿದರು, ಯಾವ ಹೊತ್ತಿಗೆ ನೋಡಿದರು ಎಂಬುದು ಗೊತ್ತಾಗುತ್ತದೆ. ಆದರೆ ಬಿಸಿನೆಸ್ ಅಕೌಂಟ್‌ನಲ್ಲಿ ಎಲ್ಲಾ ಸಿನಿಮಾ ಹಾಡು ಸಿಗುವುದಿಲ್ಲ. ವ್ಯಾಪಾರಕ್ಕೆ ಆ ಹಾಡುಗಳ ಹಕ್ಕು ನಮಗಿಲ್ಲ, ಅದಕ್ಕೆ. ಹಪ್ಪಳ ಎಣ್ಣೆಗೆ ಬಿದ್ದಾಗ ಬರುವ ಸದ್ದೇ ಸಾಕು, ಅದು ನಮ್ಮದೇ.

ಈಗ ಬೀಗ ಹಾಕುವ ಕೆಲಸ. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ ಆರು ಅಂಕಿಯ ಪಿನ್ ಇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಟೂ-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಬೀಗ) ಆನ್ ಮಾಡಿ. ಇದನ್ನು ನಾಳೆಗೆ ಇಡಬೇಡಿ, ಇವತ್ತೇ ಮಾಡಿ. ಅಕೌಂಟ್ ಯಾವಾಗಲೂ ನಿಮ್ಮದೇ ನಂಬರ್, ನಿಮ್ಮದೇ ಇಮೇಲ್‌ನಲ್ಲಿ ಇರಲಿ. ಪೇಜ್ ಮಾಡಿಕೊಟ್ಟವರ ಹೆಸರಲ್ಲಿದ್ದರೆ, ಅವರು ಊರು ಬಿಟ್ಟ ದಿನ ಪೇಜ್ ಕೂಡ ಹೋಗುತ್ತದೆ. ಪೇಜಿಗೆ ಪೂರ್ತಿ ಅಧಿಕಾರ ಇರುವವರು ಮನೆಯಲ್ಲಿ ಇಬ್ಬರಾದರೂ ಬೇಕು.

"ನಿಮ್ಮ ಪೇಜ್ ನಿಯಮ ಮೀರಿದೆ, 24 ಗಂಟೆಯಲ್ಲಿ ಮುಚ್ಚುತ್ತೇವೆ, ಇಲ್ಲಿ ಒತ್ತಿ" ಎಂಬ ಮೆಸೇಜ್ ಖಂಡಿತ ಬರುತ್ತದೆ. ಅದು ಪಾಸ್‌ವರ್ಡ್ ಕದಿಯುವ ದಾರಿ. ಲಿಂಕ್ ಒತ್ತಬೇಡಿ. ನಿಜವಾದ ತೊಂದರೆ ಇದ್ದರೆ ಆಪ್‌ನ ಒಳಗೆ ಅಕೌಂಟ್ ಸ್ಟೇಟಸ್‌ನಲ್ಲಿ ಕಾಣುತ್ತದೆ.

ಹಂತ 3: ವಾಟ್ಸಾಪ್ ಬಿಸಿನೆಸ್ ಜೋಡಿಸುವ ಕ್ರಮ

2018ರಲ್ಲಿ ಬಂದ ಈ ಆಪ್ ಪುಕ್ಕಟೆ. ಇದನ್ನು ಹಾಕಿಕೊಂಡವರು ಬಹಳ ಜನ, ಪೂರ್ತಿ ಜೋಡಿಸಿದವರು ಕಡಿಮೆ. ಒಂದು ಸಂಜೆ ಕೂತರೆ ಮುಗಿಯುವ ಕೆಲಸ.

ಮೊದಲು ಪ್ರೊಫೈಲ್. ಹೆಸರು, ವಿಳಾಸ, ಏನು ಮಾರುತ್ತೀರಿ ಎಂದು ಎರಡು ಸಾಲು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಸಿಗುತ್ತೀರಿ ಎಂಬುದು. ಪ್ರೊಫೈಲ್ ಚಿತ್ರಕ್ಕೆ ದೇವರ ಫೋಟೊ ಬೇಡ, ನಿಮ್ಮ ಬೋರ್ಡ್ ಅಥವಾ ಸರಕಿನ ಫೋಟೊ ಇರಲಿ. ಹೊಸಬರಿಗೆ ತಾವು ಸರಿಯಾದ ಜಾಗಕ್ಕೆ ಬಂದಿದ್ದೇವೆ ಎಂದು ಗೊತ್ತಾಗಬೇಕು.

ನಂತರ ಕ್ಯಾಟಲಾಗ್. 500 ಸಾಮಾನಿನವರೆಗೆ ಜಾಗ ಇದೆ, ನಮ್ಮಂಥವರಿಗೆ ಹತ್ತು ಸಾಕು. ಪ್ರತಿಯೊಂದಕ್ಕೂ ಫೋಟೊ, ತೂಕ, ದರ, ಎಷ್ಟು ದಿನ ಇಡಬಹುದು ಎಂಬುದನ್ನು ಹಾಕಿ. ದರ ಬರೆಯದೆ "ಬೆಲೆಗೆ ಮೆಸೇಜ್ ಮಾಡಿ" ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಮಾರ್ಕೆಟ್‌ನಲ್ಲಿ ತರಕಾರಿಯವರು ದರ ಕೂಗಿಯೇ ಮಾರುತ್ತಾರೆ, ಅಲ್ವಾ? ಕೇಳಲು ಸಂಕೋಚಪಡುವವರು ದರ ಕಾಣದಿದ್ದರೆ ಸುಮ್ನೆ ಹೊರಟುಹೋಗುತ್ತಾರೆ.

ತಿನ್ನುವ ಸಾಮಾನಾದರೆ, ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೂ, ಕ್ಯಾಟಲಾಗ್‌ನಲ್ಲೂ ಹಾಕಿ. ನಿಮ್ಮನ್ನು ನೋಡಿರದ ದೂರದ ಊರಿನವರಿಗೆ ಅದೊಂದು ಧೈರ್ಯ.

ಗ್ರೀಟಿಂಗ್ ಮೆಸೇಜ್ ಮೊದಲ ಸಲ ಬರೆದವರಿಗೂ, 14 ದಿನ ಮಾತೇ ಇಲ್ಲದೆ ಮತ್ತೆ ಬರೆದವರಿಗೂ ತಾನಾಗಿ ಹೋಗುತ್ತದೆ. ಅದರಲ್ಲಿ ಬರೀ ಸ್ವಾಗತ ಬೇಡ, ಕೆಲಸಕ್ಕೆ ಬರುವ ಮಾತಿರಲಿ. ನಮ್ಮದು ಹೀಗಿದೆ: "ನಮಸ್ಕಾರ. ಹಪ್ಪಳ, ಉಪ್ಪಿನಕಾಯಿಯ ದರ ಕ್ಯಾಟಲಾಗ್‌ನಲ್ಲಿದೆ. ಯಾವ ಊರಿಗೆ ಬೇಕು ಎಂದು ಹೇಳಿದರೆ ಕಳಿಸುವ ಖರ್ಚು ತಿಳಿಸುತ್ತೇವೆ. ಬೆಳಿಗ್ಗೆ 9ರಿಂದ ಸಂಜೆ 6ರ ಒಳಗೆ ಉತ್ತರ ಬರುತ್ತದೆ." ರಾತ್ರಿಗೆ "ಅವೇ ಮೆಸೇಜ್" (Away, ನಾವು ಇಲ್ಲದ ಹೊತ್ತಿಗೆ ತಾನಾಗಿ ಹೋಗುವ ಉತ್ತರ) ಇಡಿ. ಅದನ್ನು ಇಟ್ಟ ಮೇಲೆ ದೊಡ್ಡಮ್ಮನ ಮನೆಯಲ್ಲಿ ಊಟದ ಹೊತ್ತಿಗೆ ಫೋನ್ ಹಿಡಿಯುವುದು ನಿಂತಿತು.

ಕ್ವಿಕ್ ರಿಪ್ಲೈ ಎಂಬುದು ನನಗೆ ಅತಿ ಹೆಚ್ಚು ಉಪಕಾರ ಮಾಡಿದ ಸೌಲಭ್ಯ. ಹಂತ 1ರ ಕಾಗದ ಮತ್ತೆ ತೆಗೆಯಿರಿ. ಕೊಳ್ಳುವ ಮೊದಲು ಜನ ಏನು ಕೇಳಿದರು ಎಂದು ಬರೆದಿದ್ದೀರಲ್ಲ, ಒಂದೊಂದು ಪ್ರಶ್ನೆಗೂ ನಿಧಾನವಾಗಿ ಕೂತು ಒಳ್ಳೆಯ ಉತ್ತರ ಬರೆದಿಡಿ. ಓರೆಗೆರೆ (/) ಹಾಕಿ ಗುರುತಿನ ಪದ ಒತ್ತಿದರೆ ಪೂರ್ತಿ ಉತ್ತರ ಬರುತ್ತದೆ. ನಮ್ಮಲ್ಲಿ "ಅಂಚೆ" ಎಂದು ಒತ್ತಿದರೆ ಹೀಗೆ ಬರುತ್ತದೆ: "ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ, ನಡುವೆ ಕಾಗದ ತುಂಬಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇವೆ. ಅಂಚಿನಲ್ಲಿ ಒಂದೆರಡು ಮುರಿಯಬಹುದು. ಹುಡಿಯಾಗಿ ಬಂದರೆ ಫೋಟೊ ಕಳಿಸಿ, ಬೇರೆ ಕಳಿಸುತ್ತೇವೆ." ಎಂಟು ದಿನ ತಡವಾಗಿ ನೋಡಿದ ಆ ಮೆಸೇಜಿಗೆ ಕೊಡಬೇಕಾಗಿದ್ದ ಉತ್ತರ ಇದೇ. ತಾನಾಗಿ ಬಂದ ಉತ್ತರದ ಕೆಳಗೆ ಅವರ ಹೆಸರು ಹಿಡಿದು ಒಂದು ಸಾಲು ನಿಮ್ಮ ಕೈಯಿಂದ ಸೇರಿಸಿ.

ಚಾಟ್‌ಗಳಿಗೆ ಗುರುತಾಗಿ ಹಚ್ಚುವ ಲೇಬಲ್ ಬಣ್ಣಗಳನ್ನು ಹೊಸ ಆರ್ಡರ್, ಹಣ ಬಂತು, ಕಳಿಸಿ ಆಯಿತು, ದೂರು ಎಂದು ನಾಲ್ಕಕ್ಕೆ ನಿಲ್ಲಿಸಿ. ಜಾಸ್ತಿ ಇಟ್ಟರೆ ಗೊಂದಲ.

ಹಂತ 4: ಫೋಟೊ ಮತ್ತು ಮಾತು

ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ, ಜಗಲಿಯ ಅಂಚಿನಲ್ಲಿ, ನೇರ ಬಿಸಿಲು ಬೀಳದ ಕಡೆ ತೆಗೆಯಿರಿ. ಫ್ಲ್ಯಾಶ್ ಬೇಡ. ಮಳೆಗಾಲದಲ್ಲಿ ಬೆಳಕು ಕಡಿಮೆ ಎಂದು ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಉಪ್ಪಿನಕಾಯಿಯ ಬಣ್ಣ ಕೆಡುತ್ತದೆ. ಬಾಗಿಲು ಪೂರ್ತಿ ತೆರೆದು ಬಾಗಿಲ ಬಳಿ ಇಡಿ. ಲೆನ್ಸ್ ಒರೆಸಿ. ಅಡುಗೆ ಮನೆಯಲ್ಲಿರುವ ಫೋನಿನ ಲೆನ್ಸ್ ಮೇಲೆ ಎಣ್ಣೆ ಇದ್ದೇ ಇರುತ್ತದೆ. ಗಾತ್ರ ತಿಳಿಯಲು ಪಕ್ಕದಲ್ಲಿ ಕೈ ಅಥವಾ ಊಟದ ತಟ್ಟೆ ಇರಲಿ. ಬೇರೆಯವರ ಫೋಟೊ ಇಂಟರ್‌ನೆಟ್‌ನಿಂದ ತೆಗೆದು ಹಾಕಲೇಬೇಡಿ. ಪೊಟ್ಟಣ ಬಿಚ್ಚಿದಾಗ ಅದು ಸುಳ್ಳಾಗುತ್ತದೆ.

ಕಾಲ ನೋಡಿ ಹಾಕಿ. ಮೇ ತಿಂಗಳಲ್ಲಿ ಚಾಪೆ ಮೇಲೆ ಹಪ್ಪಳ ಒಣಗುವ ಫೋಟೊ, ಜೂನ್ ಮೊದಲ ಮಳೆಗೆ ಕರಿದ ಹಪ್ಪಳದ ವಿಡಿಯೊ. ಮೇ ರಜೆಯಲ್ಲಿ ಊರಿಗೆ ಬಂದ ಮುಂಬೈಯವರು ಮರಳುವ ವಾರವೇ ನಮಗೆ ದೊಡ್ಡ ವಾರ. ನಿಮ್ಮ ಸರಕಿಗೂ ಇಂಥ ವಾರ ಇರುತ್ತದೆ. ವರ್ಷದ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಹತ್ತು ದಿನ ಮೊದಲು ಶುರು ಮಾಡಿ.

ಭಾಷೆ? ಗಿರಾಕಿ ಮೆಸೇಜ್ ಮಾಡಿದ ಭಾಷೆಯಲ್ಲೇ ಉತ್ತರ ಕೊಡಿ. ನಮ್ಮಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಬರುತ್ತವೆ. ನಿಮಗೆ ಬಾರದಿದ್ದರೆ ಕನ್ನಡದಲ್ಲೇ ಸರಳವಾಗಿ ಬರೆಯಿರಿ, ಗೊತ್ತಿಲ್ಲದ ಭಾಷೆಯನ್ನು ಯಂತ್ರದಿಂದ ಅನುವಾದಿಸಿ ಕಳಿಸಬೇಡಿ. ತೂಕ, ದರ ಇರುವಲ್ಲಿ ತಪ್ಪಾದರೆ ಜಗಳವೇ.

ಹಂತ 5: ಗ್ರೂಪಿನಲ್ಲಿ ನಡೆದುಕೊಳ್ಳುವ ರೀತಿ

ನಾನು ಶಾಲೆಯ ಹಳೆಯ ಗೆಳತಿಯರ ಗ್ರೂಪಿನಲ್ಲಿ ದಿನಾ ಹಪ್ಪಳದ ದರ ಹಾಕುತ್ತಿದ್ದೆ. ಯಾರೂ ಏನೂ ಹೇಳಲಿಲ್ಲ. ಮಾತು ಮಾತ್ರ ನಿಂತಿತು. ಒಂದು ದಿನ ಒಬ್ಬಳು ಬೇರೆಯಾಗಿ ಮೆಸೇಜ್ ಮಾಡಿ, "ಬೇಜಾರು ಮಾಡ್ಬೇಡ, ಇಲ್ಲಿ ನಾವು ಮಾತಾಡ್ಲಿಕ್ಕೆ ಬರುವುದು" ಎಂದಳು. ಅವಳು ಹೇಳಿದ್ದು ಸರಿ. ಕ್ಷಮೆ ಕೇಳಿ ನಿಲ್ಲಿಸಿದೆ.

ಜನರನ್ನು ಕೇಳದೆ ವ್ಯಾಪಾರದ ಗ್ರೂಪಿಗೆ ಸೇರಿಸಬೇಡಿ. ಗ್ರೂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಇದರಿಂದ ಎಷ್ಟು ಕಿರಿಕಿರಿ ಆಗುತ್ತದೆ ಎಂದು ನಾನು ಕಂಡಿದ್ದೇನೆ. ಅದರ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಂದು ಪಟ್ಟಿಗೆ 256 ಜನರವರೆಗೆ. ಅವರವರಿಗೆ ಬೇರೆ ಬೇರೆಯಾಗಿ ಹೋಗುತ್ತದೆ, ಒಬ್ಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಒಳ್ಳೆಯದೇ, ಬೇಕಾದವರಷ್ಟೇ ಉಳಿಯುತ್ತಾರೆ. ತಿಂಗಳಿಗೆ ಎರಡು ಸಲ ಸಾಕು. ಕೊನೆಯ ಸಾಲಿನಲ್ಲಿ "ಬೇಡವಾದರೆ ಬೇಡ ಎಂದು ಕಳಿಸಿ" ಎಂದಿರಲಿ. ಬೇಡ ಎಂದವರನ್ನು ಅದೇ ದಿನ ತೆಗೆಯಿರಿ.

ನಿಮ್ಮ ಸ್ವಂತ ನಂಬರಿಗೂ ಕಾವಲು ಬೇಕು. ಪ್ರೈವೆಸಿಯಲ್ಲಿ ಗ್ರೂಪ್ಸ್ ಎಂಬಲ್ಲಿ "ಮೈ ಕಾಂಟ್ಯಾಕ್ಟ್ಸ್" ಆರಿಸಿ. ಹಲವು ಸಲ ಫಾರ್ವರ್ಡ್ ಆದ ಮೆಸೇಜಿಗೆ ಎರಡು ಬಾಣದ ಗುರುತು ಬರುತ್ತದೆ. ಅಂಥದ್ದನ್ನು ವ್ಯಾಪಾರದ ನಂಬರಿನಿಂದ ಯಾರಿಗೂ ಕಳಿಸಬೇಡಿ. ರಾಜಕೀಯ, ಜಾತಿ, ಧರ್ಮದ ಜಗಳ ಕೂಡ ಅಲ್ಲಿ ಬೇಡ. ನಮ್ಮ ಊರಿನಲ್ಲಿ ಒಂದು ಫಾರ್ವರ್ಡ್‌ನಿಂದ ಎಷ್ಟು ಮನಸ್ಸು ಒಡೆಯುತ್ತದೆ ಎಂದು ನಮಗೆಲ್ಲ ಗೊತ್ತಿದೆ.

ಹಂತ 6: ದೂರು ಬಂದಾಗ

ಕಮೆಂಟ್‌ನಲ್ಲಿ ಯಾರಾದರೂ "ಹಪ್ಪಳ ಕಹಿ" ಎಂದು ಬರೆದರೆ ಅಳಿಸಬೇಡಿ. ಅದರ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಎರಡು ಸಾಲು: "ತೊಂದರೆ ಆದದ್ದಕ್ಕೆ ಬೇಸರ. ಯಾವ ದಿನದ ಪೊಟ್ಟಣ ಎಂದು ಮೆಸೇಜ್ ಮಾಡಿ, ನೋಡುತ್ತೇವೆ." ಉಳಿದ ಮಾತು ಫೋನಿನಲ್ಲಿ ಆಗಲಿ. ಪರಿಹಾರ ಆದ ಮೇಲೆ ಅಲ್ಲಿಯೇ ಮತ್ತೊಂದು ಸಾಲು ಬರೆಯಿರಿ. ಅದನ್ನು ಓದುವ ಹೊಸಬರು ನಿಮ್ಮ ನಡತೆ ಅಳೆಯುತ್ತಾರೆ. ಬೈದವರಿಗೆ ರಾತ್ರಿ ಉತ್ತರ ಬರೆಯಬೇಡಿ, ಬೆಳಿಗ್ಗೆ ಬರೆಯಿರಿ. ನೆಂಟರಿಂದ ಐದು ಸ್ಟಾರ್ ಹಾಕಿಸುವುದು ಬೇಡ. ಅದು ಮೋಸ.

ಹಂತ 7: ದುಡ್ಡಿನ ವಿಷಯದಲ್ಲಿ ಎಚ್ಚರ

ಒಬ್ಬರು 1450 ರೂಪಾಯಿ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿದರು. ಬಸ್ಸಿನಲ್ಲಿ ಪಾರ್ಸೆಲ್ ಹೋಯಿತು. ರಾತ್ರಿ ಬ್ಯಾಂಕ್ ನೋಡಿದರೆ ಹಣವೇ ಬಂದಿಲ್ಲ. ಆ ನಂಬರ್ ಆಗಲೇ ಬಂದ್. ಅವತ್ತು ದೊಡ್ಡಮ್ಮ ಏನೂ ಹೇಳದೆ ಮತ್ತೆ ಹಿಟ್ಟು ಅರೆಯಲು ಕೂತರು. ನನಗೆ ಅದೇ ಹೆಚ್ಚು ನೋವಾಯಿತು.

ಸ್ಕ್ರೀನ್‌ಶಾಟ್ ಅಂದರೆ ಹಣ ಅಲ್ಲ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಕಂಡ ಮೇಲೆಯೇ ಕಟ್ಟಿ ಕಳಿಸಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ, ಹಣ ನಿಮ್ಮಿಂದ ಹೋಗುತ್ತದೆ. "ನಾನು ಸೈನ್ಯದಲ್ಲಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮಗೆ ಹಣ ಬರುತ್ತದೆ" ಎನ್ನುವುದು ಹಳೆಯ ಮೋಸ, ಈಗಲೂ ನಡೆಯುತ್ತಿದೆ. "ತಪ್ಪಿ ಜಾಸ್ತಿ ಕಳಿಸಿದೆ, ವಾಪಸ್ ಹಾಕಿ" ಎಂದರೂ ಮೊದಲು ಖಾತೆ ನೋಡಿ. ಒಟಿಪಿ ಯಾರಿಗೂ ಬೇಡ, ಅಣ್ಣನಿಗೂ ಬೇಡ.

ಮೋಸ ಹೋದರೆ ನಾಚಿಕೆ ಪಡಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆಯಿರಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಜಾಸ್ತಿ.

ಹಂತ 8: ಕಲಿಯಲು ಬಳಸುವುದು

ಕಲಿಕೆಗೂ ಅದೇ ಪ್ರಶ್ನೆಯಿಂದ ಶುರು ಮಾಡಿ: ಆಚೆ ಬದಿಯಲ್ಲಿ ಯಾರಿದ್ದಾರೆ? ಪಾಠ ಹೇಳುವವರು ಆ ಕೆಲಸ ನಿಜವಾಗಿ ಮಾಡುವವರಾ, ಬರೀ ಮಾತಾಡುವವರಾ? ಮೂರು ವಿಡಿಯೊ ನೋಡಿದರೆ ತಿಳಿಯುತ್ತದೆ. ಕೆಲಸ ಗೊತ್ತಿದ್ದವರು ಎಲ್ಲಿ ತಪ್ಪಾಗುತ್ತದೆ ಎಂದು ಹೇಳುತ್ತಾರೆ. ಗೊತ್ತಿಲ್ಲದವರು ಎಲ್ಲವೂ ಸುಲಭ ಎನ್ನುತ್ತಾರೆ.

ತಾರೀಕು ನೋಡಿ. ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಿಂದ ಬದಲಾದವು. ಅದಕ್ಕಿಂತ ಮೊದಲಿನ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ದರದ ಲೆಕ್ಕಕ್ಕೆ ಆಗುವುದಿಲ್ಲ.

ಒಂದು ಕಾಲಕ್ಕೆ ಒಂದೇ ವಿದ್ಯೆ. ನಾನು ಎಕ್ಸೆಲ್‌ನಲ್ಲಿ ದಾಸ್ತಾನು ಲೆಕ್ಕ ಕಲಿಯಲು ಹೊರಟಾಗ ಎಂಟು ವಿಡಿಯೊ ಆರಿಸಿ ಒಂದು ಪ್ಲೇಲಿಸ್ಟ್ ಮಾಡಿದೆ. ಆಟೊಪ್ಲೇ ಬಂದ್ ಮಾಡಿದೆ. ಹೋಮ್ ಪೇಜ್‌ಗೆ ಹೋಗದೆ ನೇರವಾಗಿ ಆ ಪ್ಲೇಲಿಸ್ಟ್ ತೆರೆಯುತ್ತಿದ್ದೆ. ಹತ್ತು ನಿಮಿಷ ನೋಡುವುದು, ನಿಲ್ಲಿಸಿ ಇಪ್ಪತ್ತು ನಿಮಿಷ ಕೈಯಲ್ಲಿ ಮಾಡುವುದು. ನಿನ್ನೆಯ ಹಪ್ಪಳದ ಲೆಕ್ಕವನ್ನೇ ಅದರಲ್ಲಿ ಹಾಕಿದೆ. ಬರೀ ನೋಡಿದ ದಿನ ತಲೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸು ತೆಗೆದುಕೊಂಡು ಹೋಗುತ್ತಿದ್ದರು. ದೊಡ್ಡಮ್ಮ ಈಗಲೂ ಸಣ್ಣ ಉಳಿತಾಯಕ್ಕೆಲ್ಲ ಪಿಗ್ಮಿ ಎಂದೇ ಹೇಳುತ್ತಾರೆ. ನನ್ನ ಅರ್ಧ ಗಂಟೆಯ ಪಾಠಕ್ಕೂ "ಇವತ್ತಿನ ಪಿಗ್ಮಿ ಕಟ್ಟಿದಿಯಾ?" ಎಂದು ಕೇಳುತ್ತಿದ್ದರು. ನಾಲ್ಕು ತಿಂಗಳಲ್ಲಿ ದಾಸ್ತಾನಿನ ಹಾಳೆ ನನ್ನ ಕೈಯಿಂದಲೇ ತಯಾರಾಯಿತು.

ಪ್ರಶ್ನೆ ಕೇಳುವುದನ್ನು ಕಲಿಯಿರಿ. "ಸರ್, ನನಗೆ ಎಕ್ಸೆಲ್ ಬರುವುದಿಲ್ಲ, ಸಹಾಯ ಮಾಡಿ" ಎಂದರೆ ಯಾರೂ ಉತ್ತರಿಸುವುದಿಲ್ಲ. ಹೀಗೆ ಕೇಳಿ: "ಬಿ ಕಾಲಂನಲ್ಲಿ ಬಂದ ಪೊಟ್ಟಣ, ಸಿ ಕಾಲಂನಲ್ಲಿ ಮಾರಿದ ಪೊಟ್ಟಣ ಇದೆ. ಉಳಿದದ್ದು ಡಿಯಲ್ಲಿ ಬರಬೇಕು. ನಾನು ಈ ಸೂತ್ರ ಹಾಕಿದೆ, ಈ ತಪ್ಪು ಬರುತ್ತಿದೆ." ಜೊತೆಗೆ ಸ್ಕ್ರೀನ್‌ಶಾಟ್. ಅದರಲ್ಲಿ ಗಿರಾಕಿಗಳ ಹೆಸರು, ನಂಬರ್ ಮುಚ್ಚಿರಬೇಕು. ಉತ್ತರ ಸಿಕ್ಕ ಮೇಲೆ ಯಾವುದು ಸರಿಹೋಯಿತು ಎಂದು ಅಲ್ಲೇ ಬರೆಯಿರಿ.

ಕ್ರಮವಾದ ಪಾಠ ಬೇಕೆಂದರೆ ಕೇಂದ್ರ ಸರ್ಕಾರ 2017ರಲ್ಲಿ ತಂದ "ಸ್ವಯಂ" ಎಂಬ ಆನ್‌ಲೈನ್ ಪಾಠಗಳ ತಾಣ ಇದೆ. ಐಐಟಿಗಳು ಮತ್ತು ಐಐಎಸ್‌ಸಿಯ ವಿಡಿಯೊ ಪಾಠಗಳ ಎನ್‌ಪಿಟಿಇಎಲ್ ಇದೆ. ಕಲಿಯಲು ಹಣ ಬೇಡ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕ. ಬರೆಯುವ ಆಸಕ್ತಿ ಇರುವವರು ಕನ್ನಡ ವಿಕಿಪೀಡಿಯಕ್ಕೋ, 2016ರಲ್ಲಿ ಶುರುವಾದ ತುಳು ವಿಕಿಪೀಡಿಯಕ್ಕೋ ಒಂದು ಲೇಖನ ಸೇರಿಸಿ ನೋಡಿ. ಆಧಾರ ಇಲ್ಲದೆ ಬರೆದರೆ ಬೇರೆಯವರು ಕೇಳುತ್ತಾರೆ. ಅದೇ ದೊಡ್ಡ ಪಾಠ.

ಮಣಿಪಾಲ, ಸುರತ್ಕಲ್, ಕೊಣಾಜೆಯಲ್ಲಿ ಓದುವ ಮಕ್ಕಳಿಗೆ ಉದ್ಯೋಗ ಸಂಪರ್ಕದ ತಾಣವಾದ ಲಿಂಕ್ಡ್‌ಇನ್ ಬೇಕು. ಅದರಲ್ಲಿ ಹೆಸರಿನ ಕೆಳಗೆ ಬರುವ ಹೆಡ್‌ಲೈನ್‌ಗೆ 220 ಅಕ್ಷರದ ಜಾಗ ಇದೆ. "ಉದ್ಯೋಗ ಹುಡುಕುತ್ತಿದ್ದೇನೆ" ಎಂದು ಬರೆದು ಅದನ್ನು ಹಾಳು ಮಾಡಬೇಡಿ. "ಬಿಕಾಂ ಅಂತಿಮ ವರ್ಷ, ಎರಡು ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದಿದ್ದೇನೆ" ಎಂದರೆ ಓದಿದವರಿಗೆ ನಿಮ್ಮ ಕೆಲಸ ಕಾಣುತ್ತದೆ. ಮಾಡಿದ್ದನ್ನು ತೋರಿಸಿ, ಮಾಡದ್ದನ್ನು ಸೇರಿಸಬೇಡಿ. ಹಿರಿಯರಿಗೆ ಕನೆಕ್ಷನ್ ಕಳಿಸುವಾಗ ಎರಡು ಸಾಲು ಪರಿಚಯ ಬರೆಯಿರಿ. ಮೊದಲ ಮೆಸೇಜ್‌ನಲ್ಲೇ ಕೆಲಸ ಕೊಡಿ ಎನ್ನಬೇಡಿ, ಅವರ ಕೆಲಸದ ಬಗ್ಗೆ ಒಂದು ಸರಿಯಾದ ಪ್ರಶ್ನೆ ಕೇಳಿ.

ಗಲ್ಫ್ ಕೆಲಸದ ಪೋಸ್ಟ್‌ಗಳು ನಮ್ಮ ಕಡೆ ಜಾಸ್ತಿ. ಏಜೆಂಟ್ ನೋಂದಾಯಿತರೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡದೆ ಪಾಸ್‌ಪೋರ್ಟ್ ಪ್ರತಿ ಕೂಡ ಕಳಿಸಬೇಡಿ. ಷೇರು ಟಿಪ್ಸ್ ಕಲಿಸುತ್ತೇವೆ ಎಂದು ಟೆಲಿಗ್ರಾಂಗೆ ಕರೆಯುವವರಿಗೆ ಸೆಬಿ (ಷೇರುಪೇಟೆಯ ನಿಯಂತ್ರಕ ಸಂಸ್ಥೆ) ನೋಂದಣಿ ಸಂಖ್ಯೆ ಕೇಳಿ, ಸೆಬಿಯ ಪಟ್ಟಿಯಲ್ಲಿ ಹುಡುಕಿ.

ಹಂತ 9: ಕೇಳಿ ಹಾಕಿ

ಮಲ್ಲಿಗೆ ಕಟ್ಟುವ ಅಕ್ಕನ ಫೋಟೊ ಚೆಂದ ಇರಬಹುದು. ಅವರನ್ನು ಕೇಳಿ ಹಾಕಿ. ಕೆಲಸದವರ ಮುಖ, ಗಿರಾಕಿಯ ಹೊಗಳಿಕೆಯ ಸ್ಕ್ರೀನ್‌ಶಾಟ್, ಎಲ್ಲಕ್ಕೂ ಅದೇ ನಿಯಮ. ಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಎಂದೇ ನೋಡುತ್ತದೆ. ಟ್ಯೂಶನ್ ಮಾಡುವವರು ಮಕ್ಕಳ ಅಂಕಪಟ್ಟಿ, ಫೋಟೊ ಹಾಕುವ ಮೊದಲು ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲಿ ಪಡೆಯಿರಿ.

ದೇರಳಕಟ್ಟೆ, ಮಣಿಪಾಲದಲ್ಲಿ ನರ್ಸಿಂಗ್, ವೈದ್ಯಕೀಯ ಓದುವ ತಂಗಿ ತಮ್ಮಂದಿರಿಗೆ ಒಂದು ಮಾತು: ವಾರ್ಡಿನಲ್ಲಿ ಸೆಲ್ಫಿ ಬೇಡ. ಹಿಂದೆ ಮಲಗಿರುವವರು ಯಾರದ್ದೋ ಮನೆಯವರು. ಕೋಲ, ನೇಮದ ವಿಡಿಯೊ ಕೂಡ ಹಾಗೆಯೇ. ದೈವಸ್ಥಾನದವರು ಬೇಡ ಎಂದರೆ ಫೋನ್ ಕಿಸೆಯಲ್ಲಿರಲಿ. ಅದನ್ನು ವ್ಯಾಪಾರದ ಪೋಸ್ಟಿಗೆ ಬಳಸುವುದಂತೂ ಬೇಡವೇ ಬೇಡ.

ಹಣ ಅಥವಾ ಉಡುಗೊರೆ ಪಡೆದು ಯಾವುದನ್ನಾದರೂ ಹೊಗಳಿದರೆ ಅದು ಜಾಹೀರಾತು ಎಂದು ಸ್ಪಷ್ಟವಾಗಿ ಹೇಳಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೆ ಮಾರ್ಗಸೂಚಿ ತಂದಿದೆ. ಹೋಟೆಲ್ ಊಟದ ರೀಲ್ಸ್ ಮಾಡುವವರು ಗಮನಿಸಿ.

ಹಂತ 10: ಭಾನುವಾರದ ಲೆಕ್ಕ

ವಾರಕ್ಕೊಮ್ಮೆ ನೋಟ್‌ಬುಕ್‌ನಲ್ಲಿ ನಾಲ್ಕು ಅಂಕಿ ಬರೆಯಿರಿ: ಎಷ್ಟು ಜನ ಕೇಳಿದರು, ಎಷ್ಟು ಜನ ಕೊಂಡರು, ಉತ್ತರ ಕೊಡಲು ಅತಿ ಹೆಚ್ಚು ಎಂದರೆ ಎಷ್ಟು ಹೊತ್ತಾಯಿತು, ಫೋನಿನಲ್ಲಿ ಎಷ್ಟು ಗಂಟೆ ಹೋಯಿತು. ಕೊನೆಯದು ಫೋನಿನ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಸ್ಕ್ರೀನ್ ಟೈಮ್‌ನಲ್ಲಿ ಸಿಗುತ್ತದೆ. ಲೈಕ್ ಎಣಿಸಬೇಡಿ. ಬೂಸ್ಟ್‌ಗೆ (ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸಲು ಕೊಡುವ ಜಾಹೀರಾತು) ಹಣ ಹಾಕುವುದಾದರೆ ಮೊದಲು 500 ರೂಪಾಯಿ, ನಿಮ್ಮ ಜಿಲ್ಲೆಗೆ ಮಾತ್ರ. ಕೇಳಿದವರ ಅಂಕಿ ಏರದಿದ್ದರೆ ಮತ್ತೆ ಹಾಕಬೇಡಿ. ಮೂರು ತಿಂಗಳು ಯಾರೂ ಬಾರದ ಅಕೌಂಟಿನಲ್ಲಿ ನಿಮ್ಮ ವಾಟ್ಸಾಪ್ ನಂಬರ್ ಪಿನ್ ಮಾಡಿ ಸುಮ್ನೆ ಬಿಡಿ.

ಸರಕು ಮುಗಿದ ದಿನವೇ ಕ್ಯಾಟಲಾಗ್‌ನಲ್ಲಿ ಅದನ್ನು ಹೈಡ್ ಮಾಡಿ. ಆಮೇಲೂ ಕೇಳುವವರು ಇರುತ್ತಾರೆ. ಅವರಿಗೆ "ಮುಗಿಯಿತು" ಎಂದಷ್ಟೇ ಹೇಳಿ ಬಿಡಬೇಡಿ, ಮುಂದಿನ ಸಲ ತಿಳಿಸಲೇ ಎಂದು ಕೇಳಿ, ಹೆಸರು ಮತ್ತು ಊರು ಬೇರೆ ಹಾಳೆಯಲ್ಲಿ ಬರೆದಿಡಿ. ನಮ್ಮಲ್ಲಿ ಆಗಸ್ಟ್ ಕೊನೆಗೆ ಆ ಹಾಳೆ ತುಂಬುತ್ತದೆ. ಮುಂದಿನ ಮೇ ತಿಂಗಳಲ್ಲಿ ಹಪ್ಪಳ ಒಣಗಿದ ಕೂಡಲೇ ಮೊದಲ ಮೆಸೇಜ್ ಹೋಗುವುದು ಆ ಹಾಳೆಯವರಿಗೆ.